ಗುಂಗುರು ಬೆಕ್ಕಿಗೆ ಆರು ಬೇಡಗಳು

ಕಳೆದ ವರ್ಷ ಆಷಾಢ ಹಿಡಿಯುವ ಹಿಂದಿನ ದಿನ, ಬೆಳಿಗ್ಗೆ ಹತ್ತು ಗಂಟೆಗೆ, ನನ್ನ ತಮ್ಮನ ಹೆಂಡತಿ ಕಂಪಲಾಪುರದ ನಮ್ಮ ಮನೆಯಿಂದ ಕೆ.ಆರ್. ನಗರದ ತವರಿಗೆ ಹೊರಟಳು. ಅವಳ ಬೆಕ್ಕು ಇಲ್ಲೇ ಉಳಿಯಿತು.

ಮದುವೆಯಾಗಿ ಎರಡು ತಿಂಗಳಾಗಿತ್ತು. ಮೊದಲ ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದು ಎಂಬುದು ನಮ್ಮ ಕಡೆಯ ಪದ್ಧತಿ. ಬೆಕ್ಕಿನ ವಿಷಯದಲ್ಲಿ ಪದ್ಧತಿ ಏನನ್ನೂ ಹೇಳುವುದಿಲ್ಲ. ಮದುವೆಗೆ ಮುಂಚೆ ಅದು ಮೈಸೂರಿನ ಬಾಡಿಗೆ ಕೋಣೆಯಲ್ಲಿ ಅವಳ ಜೊತೆಗಿತ್ತು. ತವರಿನಲ್ಲಿ ಎರಡು ನಾಯಿಗಳಿದ್ದುದರಿಂದ ಅಲ್ಲಿಗೆ ಒಯ್ಯುವಂತಿರಲಿಲ್ಲ.

ಡೆವನ್ ರೆಕ್ಸ್ ಎಂಬ ಜಾತಿ. ಬೂದು ಬಣ್ಣ, ಕುರಿಮರಿಯ ಮೈಯಂಥ ಗಿಡ್ಡ ಗುಂಗುರು ಕೂದಲು, ಮುಖದ ಅಳತೆಗೆ ಹೊಂದದ ದೊಡ್ಡ ಕಿವಿ, ಸುರುಟಿಕೊಂಡ ಮೀಸೆ. ಕೂದಲು ತೆಳು, ಹಾಗಾಗಿ ಸದಾ ಬಿಸಿ ಹುಡುಕುತ್ತದೆ. ನಮ್ಮ ಮನೆಗೆ ಬಂದ ದಿನವೇ ಬಚ್ಚಲ ಒಲೆಯ ಪಕ್ಕದ ಜಾಗ ಹಿಡಿಯಿತು. ಪಕ್ಕದ ಮನೆಯಾಕೆ ಅದನ್ನು ಅಲ್ಲಿ ನೋಡಿ, "ಇದೇನಕ್ಕ, ಒಲೆಗೆ ಬಿದ್ದಿತ್ತಾ? ಮೀಸೆ ಎಲ್ಲ ಸುಟ್ಟೋಗದೆ" ಎಂದು ಕೇಳಿದ್ದಳು.

"ಸುಟ್ಟಿಲ್ಲ ಕಣವ್ವ, ಜಾತಿನೇ ಅಂಗೆ. ಮೈಸೂರಿಂದು" ಎಂದು ಅವ್ವ ಗತ್ತಿನಲ್ಲೇ ಉತ್ತರಿಸಿದ್ದಳು. ಆದರೆ ಆ ಮೈಯನ್ನು ಸರಿ ಮಾಡಬಹುದು ಎಂಬ ಯೋಚನೆ ಅವಳಿಗೆ ಅವತ್ತೇ ಬಂದಿರಬೇಕು.

ಸೊಸೆ ಹೊರಡುವಾಗ ನೋಟ್‌ಬುಕ್ಕಿನ ಒಂದು ಹಾಳೆಯಲ್ಲಿ ಆರು ಸಾಲು ಬರೆದು, ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸಿ ಹೋಗಿದ್ದಳು. ಹಾಲು ಹಾಕಬೇಡಿ, ಹೊಟ್ಟೆ ಕೆಡುತ್ತದೆ. ಬಾಚಬೇಡಿ, ಕೂದಲು ಮುರಿಯುತ್ತದೆ. ಮೈಗೆ ಏನೂ ಹಚ್ಚಬೇಡಿ, ಚರ್ಮದಲ್ಲೇ ಜಿಡ್ಡಿದೆ. ವಾರ ವಾರ ಸ್ನಾನ ಬೇಡ. ಚಳಿಗೆ ಬಿಡಬೇಡಿ. ಕಿವಿಯನ್ನು ಹತ್ತಿಯಲ್ಲಿ ಒರೆಸಿದರೆ ಸಾಕು, ಕಡ್ಡಿ ಹಾಕಬೇಡಿ.

ನಾನು ಹುಣಸೂರಿನಲ್ಲಿ ಪತ್ರಿಕೆಯ ವರದಿಗಾರ. ಭಾನುವಾರ ಮಾತ್ರ ಊರಿಗೆ ಬರುತ್ತೇನೆ. ಆ ವಾರ ಬಂದಾಗ ಅವ್ವ ಕನ್ನಡಕ ಹಾಕಿಕೊಂಡು ಹಾಳೆಯನ್ನು ಎರಡನೇ ಸಲ ಓದುತ್ತಿದ್ದಳು.

"ಎಷ್ಟು ಸಂಕೋಚದ ಹುಡುಗಿ ನೋಡ್ಲಾ" ಎಂದಳು. "ಅತ್ತೆಗೆ ಒಂದ್ ಕೆಲ್ಸನೂ ಆಗ್ಬಾರ್ದು ಅಂತ ಎಲ್ಲಾನೂ ಬ್ಯಾಡ ಬ್ಯಾಡ ಅಂತ ಬರ್ದವ್ಳೆ."

"ಬೇಡ ಅಂದ್ರೆ ಬೇಡ ಅಂತಾನೇ ಇರ್ಬೋದು ಕಣವ್ವ."

"ನಿಂಗೇನ್ಲಾ ಗೊತ್ತು? ನಿಮ್ಮತ್ತೆ ಮನೇಲಿ ಬ್ಯಾಡ ಬ್ಯಾಡ ಅನ್ಕಂಡೇ ಆರು ಒಬ್ಬಟ್ಟು ತಿಂದೋನು ನೀನು."

ಅಂಕಿ ತಪ್ಪಿತ್ತು. ಏಳು. ನಾನು ತಿದ್ದಲಿಲ್ಲ.

"ಅವ್ಳು ನನ್ ಕೈಗೆ ಕೊಟ್ಟಿರೋ ಮೊದಲ್ನೇ ಜೀವ ಇದು" ಎಂದಳು ಅವ್ವ. "ಕೊಟ್ಟಿದ್ದಕ್ಕಿಂತ ಚೆಂದಾಗಿ ವಾಪಸ್ ಕೊಡ್ದೇ ಇದ್ರೆ ನಾಳೆ ನನ್ನನ್ನ ಏನಂದ್ಕತಾಳೆ?"

ಶನಿವಾರ ಶನಿವಾರ ಬೆಕ್ಕಿಗೆ ಹರಳೆಣ್ಣೆ, ಸೀಗೆಪುಡಿ, ಬಿಸಿನೀರಿನ ಸ್ನಾನವಾಯಿತು. ಆಮೇಲೆ ಒಲೆಯ ಮುಂದೆ ಕೂರಿಸಿಕೊಂಡು, ಕಿವಿಗೆ ಕಡ್ಡಿ ಹಾಕಿ ಶುಚಿ ಮಾಡಿ, ಮಕ್ಕಳ ತಲೆಯ ಹೇನು ತೆಗೆಯುವ ಸೀರಣಿಗೆಯಲ್ಲಿ ಬಾಚುವುದು. ಗುಂಗುರು ನೆಟ್ಟಗಾಗಬೇಕೆಂಬುದು ಗುರಿ. ಬೆಕ್ಕು ತಡೆಯಲಿಲ್ಲ. ಬೆಚ್ಚಗಿರುವ ತನಕ ಆ ಜಾತಿ ಯಾವುದನ್ನೂ ತಡೆಯುವುದಿಲ್ಲ. ಮೈಮೇಲಿನ ಹರಳೆಣ್ಣೆಯನ್ನು ನೆಕ್ಕಿತು, ಮೇಲೆ ಒಂದು ಲೋಟ ಹಾಲು ಕುಡಿಯಿತು. ಮುಂದಿನ ಎರಡು ದಿನಗಳ ವಿವರ ಇಲ್ಲಿ ಅಗತ್ಯವಿಲ್ಲ. ಬಚ್ಚಲು ತೊಳೆದವನು ನನ್ನ ತಮ್ಮ.

ಆರರಲ್ಲಿ ಐದು ಬೇಡಗಳನ್ನು ಅವ್ವ ಮಾಡಿ ಮುಗಿಸಿದಳು. ಚಳಿಗೆ ಬಿಡಬೇಡಿ ಎಂಬುದೊಂದನ್ನು ಪಾಲಿಸಿದಳು.

ಮೂರನೇ ಭಾನುವಾರ ನಾನು ಹೋದಾಗ ಬೆಕ್ಕಿನ ಕುತ್ತಿಗೆ, ಹೊಟ್ಟೆ, ಬೆನ್ನು ಬೋಳಾಗಿದ್ದವು. ಎಡಗಡೆ ಮೀಸೆ ಇರಲಿಲ್ಲ. ಅವ್ವ ಅದನ್ನು ಟವೆಲಿನಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡಿದ್ದಳು. ಪ್ರತಿ ಭಾನುವಾರ ಬೆಕ್ಕಿನ ಫೋಟೊ ಕಳಿಸಬೇಕೆಂದು ಸೊಸೆ ನನಗೆ ಹೇಳಿ ಹೋಗಿದ್ದಳು. ಅವತ್ತೂ ಬೆಳಿಗ್ಗೆಯೇ ಮೆಸೇಜು ಬಂದಿತ್ತು.

"ಹೋದ್ ವಾರದ್ದೇ ಕಳ್ಸು" ಎಂದಳು ಅವ್ವ.

"ಹಳೇದು ಹಾಕಿದ್ರೆ ಕೆಳಗೆ ಸಂಗ್ರಹ ಚಿತ್ರ ಅಂತ ಹಾಕ್ಬೇಕು. ಪೇಪರಲ್ಲಿ ಅದು ನಿಯಮ."

"ಹಾಕು. ಅದ್ಯಾರು ಓದ್ತಾರೆ?"

ಹಾಕಿದೆ. ಎರಡು ನಿಮಿಷಕ್ಕೆ ಫೋನು ಬಂತು.

"ಭಾವ, ಬೆಕ್ಕು ಸತ್ತೋಗಿದ್ಯಾ?"

"ಇಲ್ಲಮ್ಮ. ತಿಂತಿದೆ, ಓಡಾಡ್ತಿದೆ."

"ಮತ್ತೆ ಸಂಗ್ರಹ ಚಿತ್ರ ಯಾಕೆ?"

"ಮಿಕ್ಕಿದ್ದನ್ನ ಅವ್ವನೇ ಹೇಳ್ತಾಳೆ" ಎಂದು ಫೋನು ಚಾಚಿದೆ. ಅವ್ವ ಬೆಕ್ಕಿನ ಸಮೇತ ಕೊಟ್ಟಿಗೆಗೆ ಹೋಗಿದ್ದಳು. ಬಂದ ಮೇಲೆ ನೀನೇ ನೋಡುವೆಯಂತೆ ಎಂದು ಫೋನು ಇಟ್ಟೆ. ಆಷಾಢ ಮುಗಿಯಲು ಇನ್ನೂ ದಿನಗಳಿದ್ದವು. ಸೊಸೆ ಬರುವಂತಿರಲಿಲ್ಲ, ಅವ್ವ ಹೋಗುವಂತಿರಲಿಲ್ಲ. ಅದು ಅವ್ವನಿಗೆ ಅನುಕೂಲವೇ ಆಗಿತ್ತು.

ಮರುದಿನ ರಜೆ ಹಾಕಿ, ಅವ್ವನನ್ನೂ ಬೆಕ್ಕನ್ನೂ ಪಿರಿಯಾಪಟ್ಟಣದ ಪಶುವೈದ್ಯರ ಬಳಿ ಕರೆದುಕೊಂಡು ಹೋದೆ. ನಮಗಿಂತ ಮುಂದೆ ಎರಡು ಹಸು, ಒಂದು ಹೋತ ಇದ್ದವು. ವೈದ್ಯರು ಟವೆಲು ಬಿಚ್ಚಿ, ಬೋಳು ಜಾಗಗಳ ಮೇಲೆ ಬೆರಳಾಡಿಸಿದರು.

"ಕಾಯಿಲೆ ಏನಿಲ್ಲ. ಕೂದಲು ಬುಡದಿಂದ ಉದುರಿಲ್ಲ, ಮುರಿದಿದೆ. ಯಾರು ಬಾಚಿದ್ದು?"

"ನಾನೇ ಸ್ವಾಮಿ. ಬ್ಯಾಡ ಅಂತ ಬರ್ದಿದ್ಲು ಸೊಸೆ."

"ಬೇಡ ಅಂತ ಬರೆದಿದ್ರೆ ಮತ್ತೆ ಯಾಕಮ್ಮ ಬಾಚಿದ್ರಿ?"

ಅವ್ವ ಬೆಕ್ಕಿಗೆ ಟವೆಲು ಸುತ್ತಿದಳು.

"ಇನ್ಮೇಲೆ ಏನೂ ಮಾಡ್ಬೇಡಿ. ತಾನಾಗೇ ಬರುತ್ತೆ, ತಿಂಗಳುಗಟ್ಟಲೆ ಆಗುತ್ತೆ" ಎಂದರು ವೈದ್ಯರು.

ವಾಪಸ್ ಬರುವಾಗ ಬಸ್ಸಿನಲ್ಲಿ ಅವ್ವ ಆಡಿದ್ದು ಒಂದೇ ಮಾತು. "ಏನೂ ಮಾಡ್ದೆ ಎಂಗ್ಲಾ ನೋಡ್ಕಳದು?"

ಶ್ರಾವಣದ ಮೊದಲ ಶುಕ್ರವಾರ ಸೊಸೆ ಬಂದಳು. ನಾನೂ ರಜೆ ಹಾಕಿ ಬಂದಿದ್ದೆ. ಅವ್ವ ಬೆಕ್ಕಿನ ತಲೆಗೆ, ನನ್ನ ತಮ್ಮ ಕೂಸಾಗಿದ್ದಾಗ ಹಾಕುತ್ತಿದ್ದ ಕುಲಾವಿ ಕಟ್ಟಿದ್ದಳು. ಸೊಸೆ ಕುಲಾವಿ ಬಿಚ್ಚಿದಳು, ಟವೆಲು ಬಿಚ್ಚಿದಳು. ಸ್ವಲ್ಪ ಹೊತ್ತು ನೋಡಿದಳು.

"ಅತ್ತೆ, ನಾನು ಬರೆದದ್ದು ಓದ್ಲಿಲ್ವಾ?"

"ಎರಡ್ ಸಲ ಓದ್ದೆ ಕಣವ್ವ. ಸಂಕೋಚಕ್ಕೆ ಬರ್ದಿದ್ದೀಯ ಅಂದ್ಕಂಡೆ."

ಸೊಸೆ ಬೆಕ್ಕನ್ನು ಸೆರಗಿನೊಳಗೆ ಹಾಕಿಕೊಂಡು ಕೋಣೆಗೆ ಹೋದಳು. ಅವ್ವ ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದಳು.

ಊಟಕ್ಕೆ ಅವ್ವ ಒಬ್ಬಟ್ಟು ಮಾಡಿದ್ದಳು. ಮೊದಲನೆಯದು ಮುಗಿದಾಗ ಅವ್ವ ಇನ್ನೊಂದು ತಂದಳು. ಸೊಸೆ ಎಲೆಗೆ ಅಂಗೈ ಅಡ್ಡ ಹಿಡಿದು, "ಬೇಡ ಅತ್ತೆ" ಎಂದಳು. ಅವ್ವ ಒಬ್ಬಟ್ಟನ್ನು ತಟ್ಟೆಗೆ ವಾಪಸ್ ಹಾಕಿಕೊಂಡು ಒಳಗೆ ಹೋದಳು. ಸೊಸೆಯ ಕೈ ಎಲೆಯ ಮೇಲೆ ಹಾಗೇ ಇತ್ತು.

"ಅವ್ಳಿಗೆ ಇನ್ನೊಂದು ಬೇಕಿತ್ತು ಕಣವ್ವ" ಎಂದ ತಮ್ಮ.

"ಬ್ಯಾಡ ಅಂದ್ಲಲ್ಲಪ್ಪ" ಎಂಬ ಉತ್ತರ ಒಳಗಿನಿಂದ ಬಂತು. "ಒಂದ್ಸಲ ತಪ್ಪು ಮಾಡಿದ್ದು ಸಾಲದಾ?"

ಸೊಸೆಗೆ ನಗು ಬಂತು. ತಡೆದುಕೊಳ್ಳಲು ನೋಡಿದಳು, ಆಗಲಿಲ್ಲ. ಕೈ ತೊಳೆದು ಬಂದು, ಕ್ಯಾಲೆಂಡರಿನ ಮೊಳೆಯಿಂದ ಹಾಳೆ ತೆಗೆದು ಏಳನೇ ಸಾಲು ಬರೆದಳು: "ಮೇಲಿನ ಆರೂ ನಿಜವಾಗಿಯೂ ಬೇಡ. ಊಟದ ವಿಷಯ ಬೇರೆ."

ಅವ್ವ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದಳು. ಆಮೇಲೆ ಒಬ್ಬಟ್ಟಿನ ತಟ್ಟೆ ಹೊರಗೆ ಬಂತು.

ಈ ಸಂಕ್ರಾಂತಿಯ ಹೊತ್ತಿಗೆ ಬೆಕ್ಕಿನ ಬೆನ್ನಿನ ಮೇಲೂ ಹೊಟ್ಟೆಯ ಮೇಲೂ ಕೂದಲು ಬಂದಿತ್ತು, ಗುಂಗುರಾಗಿಯೇ. ಕಳೆದ ಭಾನುವಾರ ನೋಡಿದಾಗ ಎಡಗಡೆ ಮೀಸೆಯಲ್ಲಿ ಎರಡು ಎಳೆ ಇದ್ದವು. ಹಾಳೆ ಮೊಳೆಯಲ್ಲಿದೆ. ಸೀರಣಿಗೆ ಅಟ್ಟದ ಮೇಲಿದೆ.