ಆರು ಬನ್ನು, ಒಂದು ಖಾಲಿ ಕುರ್ಚಿ

ತೈಪೆಯ ಈ ಹೋಟೆಲಿನಲ್ಲಿ ಒಂದು ತಾಸು ಸರದಿ ನಿಂತ ಮೇಲೆ ಕೊನೆಗೂ ಕುರ್ಚಿ ಸಿಕ್ಕಿದೆ. ಇಲ್ಲಿಯ ಕಾಲುವೆಗಳನ್ನು ನೋಡಲು ನಾರಾಯಣಪುರದ ನೀರಾವರಿ ಕಚೇರಿಯಿಂದ ನಾನು, ಗೋಗಿಯ ರೈತರ ಪರವಾಗಿ ಮಲ್ಲಪ್ಪ ಬಂದಿದ್ದೇವೆ. ಬಿದಿರು ಬುಟ್ಟಿಯ ಮುಚ್ಚಳ ತೆಗೆದರೆ ಮುಖಕ್ಕೆ ಹಬೆ. ಒಳಗೆ ಎಲೆಕೋಸು ತುಂಬಿದ ಆರು ಬನ್ನು, ಆಗಷ್ಟೇ ಬಿಡಿಸಿದ ಹತ್ತಿಯಂತೆ.

ನನಗೆ ತಡೆಯದ ಹಸಿವು. ಮಲ್ಲಪ್ಪ ಮಾತ್ರ, ಸರದಿಯಲ್ಲಿ ನಮ್ಮನ್ನೇ ನೋಡುತ್ತ ನಿಂತಿದ್ದ ಅಜ್ಜಿಗೆ ಖಾಲಿ ಕುರ್ಚಿ ತೋರಿಸಿ, “ಬರ್ರಿ ಯವ್ವ, ಊಟ ಮಾಡೂಣು” ಎಂದ. ಹೋಟೆಲಿನವರು ಬೈದಾರು ಎಂದು ನಾನು ಅವನ ತೋಳು ಜಗ್ಗಿದೆ.

ನಮ್ಮ ಕಡೆ ಉಣ್ಣುವಾಗ ಕಣ್ಣಿಗೆ ಬಿದ್ದವರನ್ನೆಲ್ಲ ಹೀಗೆ ಕರೆಯುತ್ತೇವೆ. ಅವರು ಹಸಿದಿದ್ದರೂ “ನಿಮ್ದ ಆಗ್ಲಿರಿ, ನಮ್ದ ಆಗ್ಯಾದ” ಎಂದು ಮುಂದೆ ಹೋಗುತ್ತಾರೆ. ಅಜ್ಜಿಗೆ ಇದೇನು ಗೊತ್ತು? ಬಂದು ಕುಳಿತೇಬಿಟ್ಟಳು. ನಮ್ಮ ಬುಟ್ಟಿಯಿಂದ ಒಂದು ಬನ್ನು ಎತ್ತಿಕೊಂಡು, ಮುರಿದು, ಊದಿ ತಿನ್ನಬೇಕೆಂದು ತೋರಿಸಿದಳು. ತನ್ನ ಬುಟ್ಟಿ ಬಂದಾಗ ಅದನ್ನು ನಮ್ಮ ನಡುವೆಯೇ ಇಟ್ಟಳು.

ಮಲ್ಲಪ್ಪ ತಿನ್ನುವುದನ್ನೇ ಮರೆತು ನನ್ನತ್ತ ತಿರುಗಿದ.

“ಹುಟ್ಟಿದಾಗಿಂದ ಎಷ್ಟ ಮಂದೀನ ಕರದೀನ್ರಿ ಸಾಹೇಬ್ರ. ಖರೇನ ಬಂದು ಕುಂತಾಕಿ ಈಕಿ ಒಬ್ಬಾಕಿ.”