ಈಜು ಕಲಿತದ್ದು, ಕಲಿಸಿದ್ದು

ನಾನು ಸರಿಯಾಗಿ ನಡೆಯಲು ಕಲಿಯುವ ಮೊದಲೇ ಬಂದ ಜ್ವರವೊಂದು ನನ್ನ ಬಲಗಾಲಿನ ಶಕ್ತಿಯನ್ನು ತೆಗೆದುಕೊಂಡು ಹೋಯಿತಂತೆ. ಅಪ್ಪ ಆಗ ಮುಂಬೈಯ ಹೋಟೆಲೊಂದರಲ್ಲಿ ಕೆಲಸಕ್ಕಿದ್ದರು. ನನ್ನ ಕಾಲಿನ ಸುದ್ದಿ ತಿಳಿದ ಮೇಲೆ ಅವರು ಊರಿಗೆ ಬರುವುದು ಕಡಿಮೆಯಾಯಿತು, ಆಮೇಲೆ ನಿಂತೇ ಹೋಯಿತು. ಕೇರಳದ ಗಡಿಭಾಗದ ನೆಕ್ರಾಜೆಯ ನಮ್ಮ ಸಣ್ಣ ಮನೆಯಲ್ಲಿ ಅಮ್ಮ ಮತ್ತು ನಾನು ಇಬ್ಬರೇ ಕೊಂಕಣಿ ಮಾತಾಡಿಕೊಂಡು ಉಳಿದೆವು.

ಶಾಲೆ ತೋಡಿನ ಆಚೆ ದಡದಲ್ಲಿತ್ತು. ದಾಟಲು ಇದ್ದದ್ದು ಮರದ ಕಾಂಡಗಳನ್ನು ಜೋಡಿಸಿ ಕಟ್ಟಿದ ಸಂಕ. ಎರಡು ಕಾಲು ಗಟ್ಟಿಯಾಗಿದ್ದವರೂ ಅದರ ಮೇಲೆ ಉಸಿರು ಹಿಡಿದೇ ನಡೆಯಬೇಕು. ಅಮ್ಮ ನನ್ನನ್ನು ಸೊಂಟದಲ್ಲಿ ಕೂರಿಸಿಕೊಂಡು ದಾಟಿಸುತ್ತಿದ್ದಳು. ಮಳೆಗಾಲದಲ್ಲಿ ತೋಡು ಉಕ್ಕಿದರೆ ನನಗೆ ಶಾಲೆಯೇ ಇಲ್ಲ. ಉಳಿದ ಮಕ್ಕಳು ಒಂದನೆಯ ತರಗತಿಯಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ಹೋದರು. ನಾನು ಎರಡು ಸಲ ಇದ್ದಲ್ಲಿಯೇ ಉಳಿದೆ. ಭಾನುವಾರ ಇಗರ್ಜಿಯ ಅಂಗಳದಲ್ಲಿ ಯಾರೋ ಅಮ್ಮನಿಗೆ, "ಇವಳನ್ನು ಇಷ್ಟು ಕಷ್ಟಪಟ್ಟು ಓದಿಸುವುದು ಎಂತಕ್ಕೆ? ಹೊಲಿಗೆ ಕಲಿಸು, ಕೂತಲ್ಲಿಯೇ ಮಾಡಬಹುದು" ಎಂದದ್ದು ನನಗೆ ನೆನಪಿದೆ. ಹೇಳಿದವರ ದನಿಯಲ್ಲಿ ಕೆಡುಕೇನೂ ಇರಲಿಲ್ಲ. ಅದಕ್ಕೇ ಏನೋ ಅದು ಹೆಚ್ಚು ಆಳಕ್ಕೆ ಇಳಿಯಿತು.

ಅಮ್ಮ ಹತ್ತಿರದ ತುಳು ಮಾತಾಡುವ ದೊಡ್ಡ ಮನೆಯಲ್ಲಿ ಕೆಲಸ ಮಾಡುತ್ತಿದ್ದಳು. ದನದ ಹಟ್ಟಿ ತೊಳೆಯುವುದು, ಕೆರೆಯಲ್ಲಿ ಬಟ್ಟೆ ಒಗೆಯುವುದು. ರಜೆಯಲ್ಲಿ ನಾನೂ ಜೊತೆಗೆ ಹೋಗಿ ಕೆರೆಯ ಮೆಟ್ಟಿಲಲ್ಲಿ ಕೂರುತ್ತಿದ್ದೆ. ಆ ಮನೆಯ ಕಿರಿಯ ಸೊಸೆ ಹೊಳೆಬದಿಯ ಊರಿನಿಂದ ಬಂದವರು. ಗಂಡಸರೆಲ್ಲ ಹೊರಗೆ ಹೋದ ಹೊತ್ತು ನೋಡಿ, ಸೀರೆಯ ಮೇಲೆ ಹಳೆಯ ಅಂಗಿಯೊಂದನ್ನು ಬಿಗಿದು ಕೆರೆಗೆ ಇಳಿದರೆ ಮೀನಿನ ಹಾಗೆ ಈಜುತ್ತಿದ್ದರು. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ನನ್ನ ಶಾಲೆಯ ಭಾಷೆ ಹಿಂದೆ ಬೀಳಬಾರದೆಂದು ಅವರು ನನ್ನೊಡನೆ ಕನ್ನಡದಲ್ಲೇ ಮಾತಾಡುತ್ತಿದ್ದರು.

ನನಗೆ ಹತ್ತು ವರ್ಷವಾಗಿದ್ದ ಬೇಸಗೆಯಲ್ಲಿ ಒಂದು ದಿನ ಅವರು ನೀರಿನಿಂದಲೇ ಕೇಳಿದರು: "ನಿನಗೆ ಇಳಿಯುವ ಮನಸ್ಸುಂಟಾ?"

"ನನ್ನ ಕಾಲಿಗೆ ಆಗುದಿಲ್ಲ ಅಕ್ಕ."

"ಕಾಲಿನ ವಿಷಯ ನಾನು ಕೇಳಿದ್ದಲ್ಲ. ಮನಸ್ಸುಂಟಾ ಅಂತ ಕೇಳಿದ್ದು."

ಅಮ್ಮ ಒಗೆಯುತ್ತಿದ್ದ ಬಟ್ಟೆ ಬಿಟ್ಟು ಎದ್ದು ನಿಂತಳು. "ಬೇಡ ಅಕ್ಕನವರೇ, ನನಗಿರುವುದು ಇವಳೊಬ್ಬಳೇ."

"ಬಾಯಮ್ಮ, ದಿನಾ ಕೆರೆಯ ಬದಿಯಲ್ಲಿ ಕೂರುವ ಮಗುವಿಗೆ ಈಜು ಗೊತ್ತಿಲ್ಲದಿದ್ದರೇ ನೀವು ಹೆದರಬೇಕಾದ್ದು."

ಅಮ್ಮ ನನ್ನನ್ನೊಮ್ಮೆ ನೋಡಿ, ಮತ್ತೆ ಬಟ್ಟೆ ಒಗೆಯತೊಡಗಿದಳು. ಮರುದಿನ ಅಕ್ಕ ಎರಡು ಒಣ ತೆಂಗಿನಕಾಯಿಗಳನ್ನು ಸಿಪ್ಪೆಯಲ್ಲೇ ಜೋಡಿಸಿ ಕಟ್ಟಿ ತಂದರು. ಅದನ್ನು ನನ್ನ ಎದೆಯ ಕೆಳಗೆ ಸಿಕ್ಕಿಸಿ, ಹೊಟ್ಟೆಯ ಅಡಿಗೆ ತಮ್ಮ ಕೈ ಕೊಟ್ಟು ನೀರಿಗೆ ಬಿಟ್ಟರು. ನಾನು ಕಿರುಚಿದ್ದು ಮೇಲಿನ ರಸ್ತೆಗೂ ಕೇಳಿರಬೇಕು. ಅವರು ನಗಲಿಲ್ಲ, ಗದರಲೂ ಇಲ್ಲ. ಬೇರೆಯವರು ಕಲಿಸುವಾಗ ಮೆಲ್ಲನೆ ಗೊತ್ತಾಗದಂತೆ ಕೈ ಬಿಡುತ್ತಾರೆ. ಅಕ್ಕ ಹಾಗೆ ಮಾಡಲಿಲ್ಲ. "ಈಗ ಕೈ ತೆಗೆಯುತ್ತೇನೆ. ಇಲ್ಲಿಯೇ ಇದ್ದೇನೆ. ತೆಗೆಯಲಾ?" ಎಂದು ಕೇಳುತ್ತಿದ್ದರು. ನಾನು ಬೇಡ ಎಂದ ದಿನ ತೆಗೆಯಲೇ ಇಲ್ಲ. ಹಾಗೆ ಎಷ್ಟೋ ದಿನ ಕಳೆದ ಮೇಲೆ ನಾನೇ, "ತೆಗೀರಿ" ಎಂದೆ.

ಆ ಬೇಸಗೆ ಮುಗಿಯುವಾಗ ನಾನು ಕೆರೆಯನ್ನು ಅಡ್ಡಕ್ಕೆ ದಾಟುತ್ತಿದ್ದೆ. ನೀರಲ್ಲಿ ಕೈ ಮುಖ್ಯ, ಉಸಿರು ಮುಖ್ಯ. ಬಲಗಾಲು ಬಾಲದ ಹಾಗೆ ಹಿಂದಿನಿಂದ ಬಂದರೆ ಸಾಕು. ಹಾಗೆಂದು ನನ್ನ ಕಾಲು ಸರಿಯಾಗಲಿಲ್ಲ. ಈಗಲೂ ಕುಂಟುತ್ತೇನೆ, ಈಗಲೂ ಬಸ್ಸಿನ ಮೆಟ್ಟಿಲು ಹತ್ತುವಾಗ ಹಿಂದಿನವರು ಅವಸರ ಮಾಡುತ್ತಾರೆ. ಬದಲಾದದ್ದು ಒಂದೇ: ಇದು ನಿನ್ನಿಂದ ಆಗದು ಎಂದು ಬೇರೆಯವರು ಹೇಳಿದರೆ, ಒಮ್ಮೆ ನೋಡಿಯೇ ಬಿಡೋಣ ಎನ್ನುವ ಹಟವೊಂದು ನನ್ನೊಳಗೆ ಹುಟ್ಟಿತು. ಮುಂದಿನ ಮಳೆಗಾಲದಿಂದ ಅಮ್ಮನ ಕೈ ಹಿಡಿದು ಸಂಕವನ್ನು ನಡೆದೇ ದಾಟಿದೆ. ಬಿದ್ದರೆ ಈಜಬಹುದಲ್ಲ ಎಂಬ ಧೈರ್ಯ.

ಹತ್ತನೆಯ ತರಗತಿಯ ನಂತರ ಪ್ಲಸ್ ಒನ್ ಸೇರುವವರಿಗೆ ಈಜು ಗೊತ್ತಿದ್ದರೆ ನಮ್ಮಲ್ಲಿ ಬೋನಸ್ ಅಂಕ ಸಿಗುತ್ತಿತ್ತು. ಅದರ ಪರೀಕ್ಷೆಗೆ ಕೆರೆಯೊಂದರ ಬದಿಯಲ್ಲಿ ಸಾಲಿನಲ್ಲಿ ನಿಂತಿದ್ದ ನನ್ನನ್ನು ಕಂಡು ಪರೀಕ್ಷಿಸುವವರು ಅರ್ಧ ಮಲಯಾಳದಲ್ಲಿ, "ಮೋಳೇ, ನಿನಗೆ ಬೇರೆ ರಿಸರ್ವೇಷನ್ ಉಂಟಲ್ಲಾ. ಇದು ಎಂತಕ್ಕೆ?" ಎಂದರು. "ಅದು ಕಾಲಿಗೆ ಸಾರ್, ಇದು ಈಜಿಗೆ" ಎಂದು ಹೇಳಿ ನಾನು ಹಾರಿಯೇಬಿಟ್ಟೆ. ಆಚೆ ದಡ ಮುಟ್ಟಿ ತಿರುಗಿ ಬರುವಾಗ ದಡದಲ್ಲಿದ್ದ ಹುಡುಗಿಯರು ಚಪ್ಪಾಳೆ ತಟ್ಟುತ್ತಿದ್ದರು. ಅವರಲ್ಲಿ ಅರ್ಧದಷ್ಟು ಜನರಿಗೆ ಈಜು ಬರುತ್ತಿರಲಿಲ್ಲ ಎಂದು ಆಮೇಲೆ ಗೊತ್ತಾಯಿತು. ಸುಮ್ಮನೆ ನೋಡಲು ಬಂದವರಂತೆ.

ಶಿಕ್ಷಕಿಯ ತರಬೇತಿ ಮುಗಿಸಿ ಬೋವಿಕಾನದ ಹತ್ತಿರದ ಪ್ರಾಥಮಿಕ ಶಾಲೆಯೊಂದರಲ್ಲಿ ಕನ್ನಡ ಟೀಚರಾಗಿ ಸೇರಿದೆ. ಅಲ್ಲಿ ಸುತ್ತಮುತ್ತ ಕೆಂಪುಕಲ್ಲು ಕಡಿದು ಬಿಟ್ಟುಹೋದ ಕೋರೆಗಳು. ಮಳೆ ಬಿದ್ದರೆ ಅವೆಲ್ಲ ತುಂಬಿ, ಹಸಿರು ನೀರಿನ ಗುಂಡಿಗಳಾಗುತ್ತವೆ. ಗೋಡೆಯ ಹಾಗೆ ನೇರ ಬದಿ, ಹಿಡಿದುಕೊಳ್ಳಲು ಏನೂ ಇಲ್ಲ. ಒಂದು ಶನಿವಾರ ನನ್ನ ನಾಲ್ಕನೆಯ ತರಗತಿಯ ಹುಡುಗಿಯೊಬ್ಬಳು ಚೆಂಡು ತೆಗೆಯಲು ಹೋಗಿ ಅಂಥ ಕೋರೆಗೆ ಜಾರಿಬಿದ್ದಳು. ಜೊತೆಗಿದ್ದ ಮಕ್ಕಳಲ್ಲಿ ಯಾರಿಗೂ ಈಜು ಬರುತ್ತಿರಲಿಲ್ಲ.

ಅವಳು ತರಗತಿಯಲ್ಲಿ ಕಿಟಕಿಯ ಬದಿಗೆ ಕೂರುತ್ತಿದ್ದವಳು. ಪದ್ಯವನ್ನು ಎಲ್ಲರಿಗಿಂತ ಜೋರಾಗಿ ಹೇಳುತ್ತಿದ್ದವಳು. ಅವಳ ಮನೆಗೆ ಹೋದಾಗ ತಾಯಿ ಅಳುತ್ತಿರಲಿಲ್ಲ. ಸಣ್ಣ ಮಗಳನ್ನು ಮಡಿಲಲ್ಲಿ ಬಿಗಿಯಾಗಿ ಹಿಡಿದುಕೊಂಡು, "ನೀರಿನ ಹತ್ತಿರ ಹೋಗಬೇಡ ಅಂತ ದಿನಾ ಹೇಳ್ತಿದ್ದೆ ಟೀಚರ್, ದಿನಾ ಹೇಳ್ತಿದ್ದೆ" ಎಂದಷ್ಟೇ ಹೇಳುತ್ತಿದ್ದರು. ನಾನು ಅವರ ಬದಿಯಲ್ಲಿ ಕುಳಿತೆ. ಬಸ್ಸಿನಲ್ಲಿ ಹಿಂದೆ ಬರುವಾಗ ಮಾತ್ರ, ಅಕ್ಕ ಅಂದು ಅಮ್ಮನಿಗೆ ಹೇಳಿದ ಮಾತು ಮತ್ತೆ ಮತ್ತೆ ಕಿವಿಗೆ ಬಂತು.

ಶಾಲೆಯ ಹತ್ತಿರ ಮೆಟ್ಟಿಲುಗಳಿದ್ದ ಹಳೆಯ ಕೆರೆಯೊಂದಿತ್ತು. ರಜೆಯ ಬೆಳಿಗ್ಗೆ ಅಲ್ಲಿ ಮಕ್ಕಳಿಗೆ ಈಜು ಕಲಿಸುತ್ತೇನೆಂದು ಪೋಷಕರ ಸಭೆಯಲ್ಲಿ ಹೇಳಿದೆ. ಹಿಂದಿನ ಬೆಂಚಿನಿಂದ ಒಬ್ಬ ತಂದೆ, "ಟೀಚರಿಗೆ ನಡೆಯಲಿಕ್ಕೇ ಕಷ್ಟ. ಮಕ್ಕಳಿಗೆ ಎಂತಾದರೂ ಆದರೆ ಹಿಡಿಯುವುದು ಯಾರು ಮಾರಾಯ್ರೇ?" ಎಂದರು. ನ್ಯಾಯವಾದ ಪ್ರಶ್ನೆಯೇ. ನನಗೆ ಸಿಟ್ಟು ಬರಲಿಲ್ಲ. "ಭಾನುವಾರ ಇಗರ್ಜಿಯ ಪೂಜೆ ಮುಗಿಸಿ ಬರುತ್ತೇನೆ, ನೀವೂ ಬನ್ನಿ. ನೀವೇ ಮುಳುಗುವವರ ಹಾಗೆ ಮಾಡಿ, ನಾನು ಎಳೆದು ತರುತ್ತೇನೆ" ಎಂದೆ. ಎಲ್ಲರೂ ನಕ್ಕರು. ಅವರು ಬಂದರು. ಒಳ್ಳೆಯ ದಢೂತಿ ಮನುಷ್ಯ. ಕೂದಲು ಹಿಡಿದು ದಡಕ್ಕೆ ತಂದೆ. ಮರುವಾರ ಅವರ ಮಕ್ಕಳೇ ಮೊದಲಿಗೆ ಬಂದರು.

ಕೆಲವು ವಾರಗಳ ನಂತರ, ಕೋರೆಯಲ್ಲಿ ತೀರಿಹೋದ ಹುಡುಗಿಯ ತಾಯಿಯೂ ಸಣ್ಣ ಮಗಳ ಕೈ ಹಿಡಿದು ಬಂದರು. ಮಗಳನ್ನು ನೀರಿಗೆ ಬಿಡಲಿಲ್ಲ. ಮೇಲಿನ ಮೆಟ್ಟಿಲಲ್ಲಿ ಕೂತು, ಎಲ್ಲ ಮುಗಿಯುವವರೆಗೆ ನೋಡಿ, ಎದ್ದು ಹೋದರು. ಹೀಗೆ ಒಂದು ಬೇಸಗೆ ಇಡೀ ನಡೆಯಿತು. ನಾನು ಕರೆಯಲಿಲ್ಲ. ಕರೆದರೆ ಬರುವುದನ್ನೇ ನಿಲ್ಲಿಸಿಯಾರು ಎಂಬ ಹೆದರಿಕೆ ನನಗಿತ್ತು. ಮರುವರ್ಷ ಮಗಳು ಇಳಿದಳು. ಅವಳು ನೀರಲ್ಲಿದ್ದಷ್ಟು ಹೊತ್ತು ತಾಯಿ ಸೆರಗನ್ನು ಬಾಯಿಗೆ ಒತ್ತಿ ಹಿಡಿದು ನಿಂತೇ ಇದ್ದರು.

ಕೇರಳದ ತೆಂಕಣ ಜಿಲ್ಲೆಗಳಲ್ಲಿ ದೊಡ್ಡ ನೆರೆ ಬಂದ ವರ್ಷ ಟಿವಿಯಲ್ಲಿ ದಿನವಿಡೀ ನೀರು. ಮಳೆ ಬಿಟ್ಟ ಮೇಲೆ, ನೀರು ತಿಳಿಯಾದ ಒಂದು ಬೆಳಿಗ್ಗೆ, ಆ ತಾಯಿ ಕೆಳಗಿನ ಮೆಟ್ಟಿಲವರೆಗೆ ಇಳಿದು ಬಂದು ನನ್ನ ಮುಂದೆ ನಿಂತರು.

"ಟೀಚರ್, ನನಗೆ ಈಗ ಕಲಿಯಲಿಕ್ಕೆ ಆಗ್ತದಾ? ವಯಸ್ಸು ನಲವತ್ತು ದಾಟಿತು."

"ಮನಸ್ಸುಂಟಾ?"

"ಮನಸ್ಸಿಲ್ಲ. ಹೆದರಿಕೆ ಉಂಟು. ಆದರೂ ಕಲೀಬೇಕು."

ನನಗೆ ಅಕ್ಕ ಕಲಿಸಿದ ಪಾಠಕ್ಕಿಂತ ಇದು ಮುಂದಿನದು ಅನಿಸಿತು. ನನಗಾದರೆ ಆಗ ಕಳೆದುಕೊಳ್ಳಲು ಏನೂ ಇರಲಿಲ್ಲ, ನೀರು ನನ್ನಿಂದ ಏನನ್ನೂ ಕಿತ್ತುಕೊಂಡಿರಲಿಲ್ಲ. ಇವರು ತಮ್ಮ ಮಗಳನ್ನು ತೆಗೆದುಕೊಂಡ ನೀರಿಗೇ ಇಳಿಯುತ್ತಿದ್ದರು. ಮೊದಲ ದಿನ ಮೊಣಕಾಲಿನವರೆಗೆ ಬಂದು ಮೇಲೆ ಹತ್ತಿದರು. ಆಮೇಲೆ ಸೊಂಟದವರೆಗೆ. ನಾನು ಅವರ ಬೆನ್ನಿಗೆ ಕೈ ಕೊಟ್ಟು ಆಕಾಶ ನೋಡಿಕೊಂಡು ಮಲಗಲು ಹೇಳಿದೆ. "ತೆಗೆಯಲಾ?" ಎಂದು ಪ್ರತಿ ಸಲ ಕೇಳಿದೆ. "ಬೇಡ" ಎನ್ನುತ್ತಿದ್ದರು. ಕ್ರಿಸ್ಮಸ್ ರಜೆಯ ಒಂದು ಬೆಳಿಗ್ಗೆ ಅವರು ಕಣ್ಣು ಮುಚ್ಚಿ, ಆಗಲಿ ಎಂಬಂತೆ ತಲೆಯಾಡಿಸಿದರು. ಕೈ ತೆಗೆದೆ. ನೀರು ಅವರನ್ನು ಹೊತ್ತುಕೊಂಡಿತು. ಅವರ ಕಣ್ಣಿನಿಂದ ನೀರು ಕಿವಿಯ ಕಡೆಗೆ ಇಳಿಯುತ್ತಿತ್ತು. ಮಗಳು ಮೆಟ್ಟಿಲಿನಿಂದ, "ಅಮ್ಮ ತೇಲ್ತಾ ಇದ್ದಾರೆ!" ಎಂದು ಕೂಗಿದಳು.

ಮುಂದಿನ ಬೇಸಗೆಗೆ ಅವರು ಚೆನ್ನಾಗಿ ಈಜುತ್ತಿದ್ದರು. ಅವರನ್ನು ನೋಡಿ ಸುತ್ತಲಿನ ಹೆಂಗಸರೂ ಬರತೊಡಗಿದರು. ನಾನು ಕರೆದಿದ್ದರೆ ಖಂಡಿತ ಬರುತ್ತಿರಲಿಲ್ಲ. ನಾನು ಟೀಚರ್, ಆ ತಾಯಿ ಅವರಲ್ಲೊಬ್ಬರು. ಕೆಲವರು ಚೂಡಿದಾರದಲ್ಲಿ, ಕೆಲವರು ನೈಟಿಯಲ್ಲಿ, ಒಬ್ಬರಂತೂ ಮಗನ ಜೆರ್ಸಿಯಲ್ಲಿ. ಅದೇ ವರ್ಷ ನನಗೆ ಪೆರ್ಲದ ಕಡೆಯ ಶಾಲೆಗೆ ವರ್ಗವಾಯಿತು. ಕೆರೆಯ ತರಗತಿ ನಿಂತುಹೋಗುತ್ತದೆಂದು ನನಗೆ ಬೇಸರವಿತ್ತು. "ಎಂತಕ್ಕೆ ನಿಲ್ಲುವುದು? ನಾನಿಲ್ವಾ?" ಎಂದರು ಆ ತಾಯಿ.

ಎರಡು ತಿಂಗಳ ನಂತರ ಒಂದು ಭಾನುವಾರ ನೋಡಲು ಹೋದೆ. ಅವರು ಸೊಂಟದವರೆಗೆ ನೀರಿನಲ್ಲಿ ನಿಂತು ಸಣ್ಣ ಹುಡುಗಿಯರಿಗೆ ಕಲಿಸುತ್ತಿದ್ದರು. ನನ್ನ ಕ್ರಮ ಅದಾಗಿರಲಿಲ್ಲ. ನಾನು ಮೊದಲು ತೇಲಲು ಕಲಿಸುತ್ತಿದ್ದೆ. ಅವರು ಮೊದಲು ಮಕ್ಕಳನ್ನು ನೀರೊಳಗೆ ಮುಳುಗಿಸಿ ಕಣ್ಣು ತೆರೆಯಲು ಹೇಳುತ್ತಿದ್ದರು.

"ಇದು ಯಾಕೆ ಮೊದಲು?" ಎಂದು ಕೇಳಿದೆ.

ಅವರು ಕೈಯಲ್ಲಿದ್ದ ಹುಡುಗಿಯನ್ನು ಮೆಟ್ಟಿಲಲ್ಲಿ ಕೂರಿಸಿ, ಅವಳ ಮುಖದ ನೀರು ಒರೆಸಿದರು. "ಒಳಗೆ ಕಣ್ಣು ಬಿಡಲಿಕ್ಕೆ ಗೊತ್ತಿದ್ದರೆ ಬೆಳಕು ಯಾವ ಕಡೆ ಉಂಟು ಅಂತ ಕಾಣ್ತದೆ ಟೀಚರ್. ಮತ್ತೆ ಮಕ್ಕಳು ಆ ಕಡೆಗೆ ಬರ್ತವೆ."

ಅವರು ಮುಂದಿನ ಹುಡುಗಿಯನ್ನು ಕರೆದರು. ಅವಳು ಹಿಂಜರಿದು ನನ್ನ ಕಡೆ ನೋಡಿದಳು. "ಹೋಗು, ಅವರಿಗೆ ಚೆನ್ನಾಗಿ ಗೊತ್ತುಂಟು" ಎಂದೆ.