ಎಡಗೈಗೆಂದು ಮಾಡಿದ ಇಸ್ಪೀಟು ಹಲಗೆ

ಮೂವತ್ತು ವರ್ಷ ಇಸ್ಪೀಟಿಗೆ ಹಿಡಿಶಾಪ ಹಾಕಿದವಳು ನಾನು. ಯಜಮಾನರಿಗೆ ಪವರ್ ಸ್ಟೇಷನ್ನಿನಲ್ಲಿ ಕೆಲಸ, ನಾನು ಪ್ರೈಮರಿ ಸ್ಕೂಲಿನ ಮೇಡಂ. ಸ್ಟೇಷನ್ನಿನವರಿಗೆಂದೇ ಕಟ್ಟಿಸಿದ್ದ ಬ್ಲಫ್ ಕ್ವಾರ್ಟರ್ಸಿನಲ್ಲಿದ್ದಾಗ ಒಂದು ಸಲ ಸಿಟ್ಟು ನೆತ್ತಿಗೇರಿ ಇಡೀ ಕಟ್ಟನ್ನು ಬಚ್ಚಲೊಲೆಗೆ ತುಂಬಿ, "ನೀರು ಕಾದದೆ, ಓಗಿ ಸ್ನಾನ ಮಾಡಿ" ಅಂದಿದ್ದೆ. ಮಾರನೇ ದಿನವೇ ಹೊಸ ಕಟ್ಟು ಬಂತು.

ರಿಟೈರಾಗಿ ಮಂಡ್ಯದ ಗುತ್ತಲಿಗೆ ಬಂದ ಮೇಲೂ ಆಟ ನಿಲ್ಲಲಿಲ್ಲ. ಜೊತೆಗೆ ಕೆಲಸ ಮಾಡಿದ ಇಬ್ಬರು ಗೆಳೆಯರು, ಒಬ್ಬರು ಮದ್ದೂರಿನವರು, ಇನ್ನೊಬ್ಬರು ಮಳವಳ್ಳಿಯವರು, ಪ್ರತಿ ಭಾನುವಾರ ಬಸ್ಸಿಳಿದು ಬರುತ್ತಿದ್ದರು. ಹಜಾರದಲ್ಲಿ ಜಮಖಾನ ಹಾಸಿಕೊಂಡು ಮೂವರೂ ರಮ್ಮಿಗೆ ಕೂತರೆ ಊಟದ ಹೊತ್ತಿಗೂ ಏಳುತ್ತಿರಲಿಲ್ಲ. ನಾನು ಬೈದುಕೊಂಡೇ ಕಾಫಿ ಕೊಡುತ್ತಿದ್ದೆ.

ಎರಡು ವರ್ಷದ ಹಿಂದೆ ಯಜಮಾನರಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಹೋದವು. ಮಾತು ಉಳಿಯಿತು, ಅಷ್ಟು ಪುಣ್ಯ. ಗೆಳೆಯರು ಬಂದು ಕುರ್ಚಿಯಲ್ಲಿ ಕೂರಿಸಿ ಎಲೆ ಹಂಚಿದರು. ಹದಿಮೂರು ಎಲೆ ಒಂದು ಕೈಯಲ್ಲಿ ಹಿಡಿದರೆ ಎಳೆದು ಹಾಕಲು ಇನ್ನೊಂದು ಕೈ ಬೇಕಲ್ಲ? ಎಲ್ಲವೂ ಜಾರಿ ಮಡಿಲಿಗೆ ಬಿದ್ದವು. "ಬುಡ್ರಲಾ, ನನ್ ಆಟ ಮುಗೀತು" ಅಂದವರು ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟರು. ಮುದ್ದೆ ಕಲಸಿ ಬಾಯಿಗಿಟ್ಟರೂ ನುಂಗುತ್ತಿರಲಿಲ್ಲ. ಈ ಮನುಷ್ಯನನ್ನು ಉಳಿಸಿಕೊಳ್ಳಬೇಕಾದರೆ ಆ ಹಾಳು ಇಸ್ಪೀಟೇ ಬೇಕು ಅಂತ ನನಗೆ ಆಗ ಗೊತ್ತಾಯಿತು.

ಮೊಬೈಲಿನಲ್ಲಿ ಹುಡುಕಿದೆ. ಯಾರೋ ಮನೆಯಲ್ಲೇ ಪೋಕರ್ ಟೇಬಲ್ಲಿನ ಮೇಲ್ಹಲಗೆ ಮಾಡುವ ವಿಡಿಯೊ ಸಿಕ್ಕಿತು. ಎಂಟು ಮೂಲೆಯ ಹಲಗೆ, ಮೇಲೆ ಸ್ಪಂಜು, ಅದರ ಮೇಲೆ ಬಿಗಿಯಾಗಿ ಎಳೆದ ಹಸಿರು ಬಟ್ಟೆ. ಆಡುವಾಗ ಊಟದ ಟೇಬಲ್ಲಿನ ಮೇಲಿಡುವುದು, ಮುಗಿದ ಮೇಲೆ ಎತ್ತಿ ಗೋಡೆಗೆ ಒರಗಿಸುವುದು. ಸ್ಕೂಲಿನ ಮುರಿದ ಬೆಂಚುಗಳಿಗೆಲ್ಲ ಮೊಳೆ ಹೊಡೆದ ಕೈ ನನ್ನದು, ಇದೇನು ಮಹಾ ಅಂದುಕೊಂಡೆ. ಪ್ಲೈವುಡ್ ತರಿಸಿ ಗರಗಸ ಹಿಡಿದೆ. ಲೆಕ್ಕ ಹೇಳಿಕೊಟ್ಟ ಮೇಡಮ್ಮಿಗೆ ಎಂಟು ಮೂಲೆ ಸಮ ಬರಲಿಲ್ಲ, ಒಂದು ಕಡೆ ಎರಡು ಬೆರಳು ಉದ್ದವಾಯಿತು. ಮಂಚದಿಂದಲೇ ಯಜಮಾನರು ಕೇಳಿದರು:

"ಏನೇ ಅದು, ಚಪ್ಪರ ಆಕ್ತಿದ್ದೀಯಾ?"

"ಊ ಕಣ್ರೀ, ನಿಮ್ಗೆ ಇನ್ನೊಂದು ಮದ್ವೆ ಮಾಡಾಣ ಅಂತ."

ನಕ್ಕರು. ತಿಂಗಳಾದ ಮೇಲೆ ನಕ್ಕದ್ದು. ನಾನು ಅಡುಗೆಮನೆಗೆ ಹೋಗಿ ಅತ್ತು ಬಂದೆ.

ಅವರು ಕೂರುವ ಕಡೆ, ಎಡಗೈಗೆ ಸಿಗುವ ಹಾಗೆ, ಎರಡು ಮರದ ಪಟ್ಟಿ ಹೊಡೆದು ನಡುವೆ ಎಲೆ ನಿಲ್ಲುವಷ್ಟು ಸಂದು ಬಿಟ್ಟೆ. ಎಲೆಗಳನ್ನು ಸಾಲಾಗಿ ಅದರಲ್ಲಿ ನಿಲ್ಲಿಸಿದರೆ ಆಡಲು ಒಂದೇ ಕೈ ಸಾಕು. ಕಾಯಿಲೆಯವರು ಪೂರ್ವಕ್ಕೆ ಮುಖ ಮಾಡಿ ಕೂರಬೇಕು ಅನ್ನುವುದು ನಮ್ಮತ್ತೆಯ ಕಾಲದಿಂದ ಬಂದ ಪದ್ಧತಿ. ಹಾಗೇ ಕೂರಿಸಿದೆ. ಬೆನ್ನ ಹಿಂದೆ ಷೋಕೇಸು ಬಂತು. ಅದರ ಗಾಜನ್ನು ವಾರವಾರ ಒರೆಸಿ ಫಳಫಳ ಇಡುವವಳೂ ನಾನೇ.

ಭಾನುವಾರಗಳು ವಾಪಸ್ಸು ಬಂದವು. ಯಜಮಾನರು ಗೆದ್ದರು, ಮತ್ತೆ ಗೆದ್ದರು. ಸೋಮವಾರದಿಂದಲೇ ಮುಂದಿನ ಆಟದ ಮಾತು. ಎರಡು ಮುದ್ದೆ ಉಣ್ಣತೊಡಗಿದರು.

ಮೂರನೇ ವಾರ ಕಾಫಿ ಹಿಡಿದು ಮಳವಳ್ಳಿಯವರ ಹಿಂದೆ ನಿಂತೆ. ಎದುರಿಗೆ ಷೋಕೇಸಿನ ಗಾಜಿನಲ್ಲಿ ಯಜಮಾನರ ಎಲೆಗಳೆಲ್ಲ ಕಾಣುತ್ತಿದ್ದವು. ಆಟೀನು ರಾಣಿ, ಗುಲಾಮ, ಎಲ್ಲ. ಮಳವಳ್ಳಿಯವರು ಗಾಜಿನತ್ತ ಕಣ್ಣು ಹಾಯಿಸಿ ಆಟೀನು ರಾಜನನ್ನು ಕೆಳಗಿಟ್ಟರು. ಯಜಮಾನರು ಅದನ್ನೆತ್ತಿಕೊಂಡು "ಶೋ! ಎಂಗೆ?" ಅಂತ ಕೂಗಿದರು.

ಮಳವಳ್ಳಿಯವರನ್ನು ಅಡುಗೆಮನೆಗೆ ಕರೆದು ತರಾಟೆಗೆ ತೆಗೆದುಕೊಂಡೆ. "ಥೂ, ಕಾಯ್ಲೆಯವರ ಎಲೆ ಕದ್ದು ನೋಡ್ತೀರಾ? ನಾಚಿಕೆ ಆಗಾಕಿಲ್ವಾ?"

"ನೋಡಿ ನಾವು ಗೆದ್ದಿದ್ದೀವಾ ಅಕ್ಕಾ? ಸೋಲ್ತಿದ್ದೀವಿ ಇಬ್ರೂ. ಅವ್ನು ಉಂಡ್ಕಂಡು ನಗ್ತಾವ್ನೆ. ಸುಮ್ಕಿದ್ಬುಡಿ."

ನಾನು ಸುಮ್ಮನಾದೆ. ಗಾಜಿಗೆ ಒಂದು ಟವೆಲ್ಲು ಇಳಿಬಿಟ್ಟಿದ್ದರೆ ಮುಗಿಯುತ್ತಿತ್ತು, ಬಿಡಲಿಲ್ಲ. ಗಂಡ ನಗುತ್ತಿದ್ದಾನಲ್ಲ ಅನ್ನುವ ಆಸೆ.

ಬೇಸಿಗೆಯ ಒಂದು ಭಾನುವಾರ ಕರೆಂಟು ಹೋಯಿತು. ಸೆಕೆ ತಡೆಯಲಾರದೆ ಯಜಮಾನರು ಕಿಟಕಿಯ ಕಡೆ ಕೂರಿಸಿ ಅಂದರು. ನಾವೇ ಕುರ್ಚಿ ಎಳೆದು ಎದುರು ಬದಿಗೆ ಕೂರಿಸಿದೆವು, ಬುದ್ಧಿ ಎಲ್ಲಿ ಮಣ್ಣು ತಿನ್ನುತ್ತಿತ್ತೋ. ಅವರ ಎಲೆ ನಿಲ್ಲಲು ಒಂದು ದಪ್ಪ ಪುಸ್ತಕ ಕೊಟ್ಟೆ. ಖಾಲಿಯಾದ ಜಾಗದಲ್ಲಿ ಮದ್ದೂರಿನವರು ಕೂತು, ತಮಾಷೆಗೆ ತಮ್ಮ ಎಲೆಗಳನ್ನು ನನ್ನ ಸಂದಿನಲ್ಲಿ ನಿಲ್ಲಿಸಿದರು. "ನಿನ್ ಜಾಗದಲ್ಲಿ ಕೂತು ನಾನೂ ಗೆಲ್ತೀನಿ ನೋಡ್ಲಾ."

ಯಜಮಾನರು ತಲೆಯೆತ್ತಿದರು. ಗಾಜನ್ನು ನೋಡಿದರು, ಬಹಳ ಹೊತ್ತು. ಆಮೇಲೆ ತಾವು ಜೋಡಿಸಿದ್ದ ಸಾಲನ್ನೇ ಮುರಿದು, ಮದ್ದೂರಿನವರಿಗೆ ಬೇಕಾಗಿದ್ದ ಎಲೆಯನ್ನೇ ಎಳೆದು ಹಾಕಿದರು.

"ತಗಳ್ಲಾ. ಇಂಗೇ ಅಲ್ವಾ ನೀವು ನಂಗೆ ಕೊಡ್ತಿದ್ದದ್ದು?"

ಅವರು ನನ್ನ ಕಡೆ ತಿರುಗಿದರು. "ನಿಂಗೂ ಗೊತ್ತಿತ್ತಾ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. ಹೌದೆಂದು ತಲೆಯಾಡಿಸಿದೆ.

"ನೀನು ಬೈತಿದ್ದಾಗ್ಲೇ ವಾಸಿಯಾಗಿತ್ತು ಕಣೆ" ಅಂದರು.

ಮಾರನೇ ವಾರ ಗಾಜಿಗೆ ನನ್ನ ಸೀರೆಯನ್ನೇ ಹೊದಿಸಿದೆ. ಗೆಳೆಯರು ಆಟಕ್ಕೆ ಬಾ ಅಂತ ಕೈ ಮುಗಿದು ಕೇಳಿಕೊಂಡರು. "ಇನ್ಮೇಕೆ ನೀವು ನಿಜವಾಗ್ಲೂ ಸೋತ್ರೂ ನಂಗೆ ನಂಬಾಕಾಯ್ತದೇನ್ಲಾ?" ಅಂದು ಯಜಮಾನರು ಎಲೆ ಮುಟ್ಟಲಿಲ್ಲ.

ಆಮೇಲೆ ನಾಲ್ಕು ತಿಂಗಳು ಇದ್ದರು. ಒಂದು ಬೆಳಿಗ್ಗೆ ಬಲಗೈಗೆ ಎಣ್ಣೆ ತಿಕ್ಕುತ್ತಿದ್ದೆ. ಹೆಬ್ಬೆರಳು ಅಲುಗಿತು. ನನ್ನ ಕಣ್ಣಾಣೆ ಅಲುಗಿತು. "ರೀ, ಬೆರಳು ಆಡ್ತು ಕಣ್ರೀ! ಈಗ ಆಡ್ತು!" ಅಂತ ಕಿರುಚಿದೆ. ಆ ಕೈಗೆ ಸ್ಪರ್ಶವಿರಲಿಲ್ಲ, ಅವರಿಗೆ ಗೊತ್ತಾಗಲಿಲ್ಲ. ಬೆರಳು ಮತ್ತೆ ಆಡಲೂ ಇಲ್ಲ. ನನ್ನ ಮುಖವನ್ನೇ ನೋಡಿದರು, ಅವತ್ತು ಗಾಜನ್ನು ನೋಡಿದ ಹಾಗೆ.

"ಬುಡು" ಅಂದರು. "ಸಾಕು ಬುಡು."